ಹೊಟ್ಟೆಯಲ್ಲಿ ಮಗು, ಎದುರಿಗೆ ಕುಹಕ: ಐರ್ಲೆಂಡಿನಲ್ಲಿ ಬಸುರಾದವರಿಗೆ, ಅವರ ಗಂಡಂದಿರಿಗೆ ಒಂದು ಮಾರ್ಗದರ್ಶಿ

ಐರ್ಲೆಂಡಿಗೆ ಬಂದ ನಮ್ಮ ಹೆಣ್ಣುಮಕ್ಕಳು ಬಸುರಾದಾಗ, ಬಣ್ಣ, ಮೂಲ ನೋಡಿ ಕುಹಕವಾಡುವವರ ಬಗ್ಗೆ ಊರಿನಿಂದ ಫೋನಿನಲ್ಲಿ ಬರುವ ಸಲಹೆ ಹೆಚ್ಚುಕಡಿಮೆ ಒಂದೇ. "ಯಾರು ಏನಂದ್ರೂ ಸುಮ್ನೆ ಇದ್ದುಬಿಡಮ್ಮಾ. ಹೊಟ್ಟೇಲಿ ಮಗು ಇದೆ, ಯಾಕೆ ಬೇಕು ಜಗಳ?" ಇದರಲ್ಲಿ ಅರ್ಧ ಸತ್ಯವಿದೆ. ಬಸ್ ಸ್ಟಾಪಿನಲ್ಲಿ ಕೂಗಾಡುವವನ ಎದುರು ಸುಮ್ಮನಿದ್ದು ಜಾಗ ಬಿಡುವುದೇ ಸರಿ. ಆದರೆ ಆಸ್ಪತ್ರೆಯಲ್ಲಿ ಸುಮ್ಮನಿರುವುದು ಅಪಾಯ. ಆಫೀಸಿನಲ್ಲಿ ಸುಮ್ಮನಿದ್ದರೆ ಆರು ತಿಂಗಳಾದ ಮೇಲೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಬಸುರಿನಲ್ಲಿ ಶಕ್ತಿ ಕಡಿಮೆ ಇರುತ್ತದೆ. ಇರುವ ಶಕ್ತಿಯನ್ನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು ಎಂದು ಮೊದಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕೇ ಈ ಲೇಖನ.

2022ರ ಜನಗಣತಿಯ ಹೊತ್ತಿಗೇ ಇಲ್ಲಿ ಭಾರತದ ಪೌರರು 45 ಸಾವಿರ ದಾಟಿದ್ದರು. ನರ್ಸುಗಳು, ಸಾಫ್ಟ್‌ವೇರಿನವರು, ಓದಲು ಬಂದು ಕೆಲಸ ಹಿಡಿದವರು ಇದರಲ್ಲಿದ್ದಾರೆ. ಸಂಸಾರ ಶುರು ಮಾಡುವ ವಯಸ್ಸಿನವರೇ ಜಾಸ್ತಿ. 2025ರ ಜುಲೈನಲ್ಲಿ ಡಬ್ಲಿನ್ನಿನ ಟಾಲಾದಲ್ಲಿ ಒಬ್ಬ ಭಾರತೀಯರ ಮೇಲೆ ಹಲ್ಲೆಯಾಯಿತು. ಆಮೇಲೆ ಇನ್ನಷ್ಟು ಘಟನೆಗಳು ಸುದ್ದಿಯಾದವು. ಆಗಸ್ಟ್ 1ರಂದು ನಮ್ಮ ರಾಯಭಾರ ಕಚೇರಿ ಎಚ್ಚರಿಕೆಯ ಸೂಚನೆ ಹೊರಡಿಸಿತು. ಅದೇ ತಿಂಗಳು ವಾಟರ್‌ಫರ್ಡಿನಲ್ಲಿ ಭಾರತೀಯ ಮೂಲದ ಆರು ವರ್ಷದ ಹುಡುಗಿಯ ಮೇಲೆ ಮನೆ ಮುಂದೆಯೇ ದಾಳಿಯಾಯಿತು. ಇಲ್ಲಿನ ಬಹುಪಾಲು ಜನ ಒಳ್ಳೆಯವರು, ನಾನದನ್ನು ದಿನವೂ ನೋಡುತ್ತೇನೆ. ಹಾಗಂತ ಬಸುರಿಯ ಮನಸ್ಸಿನ ಭಯ ಸುಳ್ಳಲ್ಲ.

ಮೊದಲು ಬೇರ್ಪಡಿಸಿಕೊಳ್ಳಿ: ಯಾವುದು ಎಲ್ಲರಿಗೂ ಕೇಳುವ ಪ್ರಶ್ನೆ?

ಆಸ್ಪತ್ರೆಯ ಮೊದಲ ಭೇಟಿಯಲ್ಲಿ ಮಿಡ್‌ವೈಫ್ (ಬಸುರು, ಹೆರಿಗೆ ನೋಡಿಕೊಳ್ಳುವವರು) ಉದ್ದನೆಯ ಪ್ರಶ್ನೆಪಟ್ಟಿ ಹಿಡಿದು ಕೂರುತ್ತಾರೆ. ಅದರಲ್ಲಿ ಕೆಲವು ಪ್ರಶ್ನೆಗಳು ನಮಗೆ ಚುಚ್ಚುತ್ತವೆ. "ನೀವೂ ನಿಮ್ಮ ಗಂಡನೂ ರಕ್ತಸಂಬಂಧಿಗಳಾ?" ಎಂದು ಕೇಳುತ್ತಾರೆ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವುದು ನಮ್ಮ ಕಡೆ ಹೊಸದೇನಲ್ಲ. ಈ ಪ್ರಶ್ನೆ ಬಂದ ಕೂಡಲೇ ನಮ್ಮನ್ನು ಕೀಳಾಗಿ ನೋಡಿದರು ಅನ್ನಿಸಿ, ಹೌದಾಗಿದ್ದರೂ ಇಲ್ಲ ಎಂದು ಹೇಳಿ ಬಂದವರನ್ನು ನಾನು ಬಲ್ಲೆ. ದಯವಿಟ್ಟು ಹಾಗೆ ಮಾಡಬೇಡಿ. ಮಗುವಿಗೆ ಯಾವ ಪರೀಕ್ಷೆ ಬೇಕು ಎಂದು ತೀರ್ಮಾನಿಸಲು ಈ ಉತ್ತರ ಬೇಕು. ಹಾಗೆಯೇ ಗಂಡನನ್ನು ಹೊರಗೆ ಕೂರಿಸಿ "ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ?" ಎಂದು ಕೇಳುವುದೂ ಎಲ್ಲ ದೇಶದ ಹೆಂಗಸರಿಗೂ ಅನ್ವಯ.

ಸಕ್ಕರೆ ಪರೀಕ್ಷೆಯ ವಿಷಯವೂ ಇದೇ. ದಕ್ಷಿಣ ಏಷ್ಯಾ ಮೂಲದವರಿಗೆ ಬಸುರಿನ ಡಯಾಬಿಟಿಸ್ ಬರುವ ಸಾಧ್ಯತೆ ಜಾಸ್ತಿ. ಅದಕ್ಕೆ 24ರಿಂದ 28ನೇ ವಾರದೊಳಗೆ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡುತ್ತಾರೆ. ಇಲ್ಲಿ ನಿಮ್ಮ ಮೂಲವನ್ನು ನೋಡುತ್ತಿರುವುದು ನಿಮ್ಮ ಒಳಿತಿಗೆ. ಯಾರೂ ಈ ಪರೀಕ್ಷೆಯ ಮಾತೆತ್ತದಿದ್ದರೆ ನೀವೇ ಕೇಳಿ.

ಇನ್ನು ಸಹಿಸಬಾರದ್ದು ಬೇರೆ ಇದೆ. ಪ್ರಶ್ನೆ ನಿಮಗೆ ಸಂಬಂಧಿಸಿದ್ದು, ಉತ್ತರಕ್ಕಾಗಿ ಗಂಡನ ಮುಖ ನೋಡುವುದು. ಚೆನ್ನಾಗಿ ಇಂಗ್ಲಿಷ್ ಮಾತಾಡಿದ ಮೇಲೂ ಕಿವುಡರ ಹತ್ತಿರ ಮಾತಾಡುವ ಹಾಗೆ ಜೋರಾಗಿ, ಬಿಡಿಸಿ ಬಿಡಿಸಿ ಹೇಳುವುದು. "ನಿಮ್ಮ ಕಡೆಯ ಹೆಂಗಸರು ನೋವು ತಡ್ಕೊಳಲ್ಲ" ಅನ್ನುವುದು. ಸಂದೇಹ ಬಂದರೆ ಒಂದೇ ಪರೀಕ್ಷೆ: ಶಾಂತವಾಗಿ "ಇದನ್ನು ಯಾಕೆ ಕೇಳ್ತಿದ್ದೀರಿ?" ಎಂದು ಕೇಳಿ. ವೈದ್ಯಕೀಯ ಕಾರಣ ಇದ್ದವರು ಎರಡು ಮಾತಿನಲ್ಲಿ ವಿವರಿಸುತ್ತಾರೆ. ಇಲ್ಲದವರು ತಡವರಿಸುತ್ತಾರೆ.

ಬೀದಿ, ಬಸ್ಸು, ಟ್ರಾಮ್: ಉತ್ತರ ಕೊಡುವ ಹಂಗು ಬೇಡ

ಸುದ್ದಿಯಾದ ಹಲವು ಘಟನೆಗಳಲ್ಲಿ ಎದುರಿಗಿದ್ದದ್ದು ಹದಿಹರೆಯದ ಹುಡುಗರ ಗುಂಪು. ಇವರಿಗೆ ಬುದ್ಧಿ ಹೇಳಲು ಹೋಗಬೇಡಿ, ದುರುಗುಟ್ಟಿ ನೋಡಲೂ ಬೇಡಿ. ಅಂಗಡಿ, ಕೆಫೆ, ಫಾರ್ಮಸಿ, ಯಾವುದು ಹತ್ತಿರವೋ ಅದರೊಳಗೆ ಹೋಗಿ. ಬಸ್ಸಿನಲ್ಲಾದರೆ ಮೇಲಿನ ಮಹಡಿ ಹತ್ತದೆ ಕೆಳಗೆ, ಡ್ರೈವರ್ ಕಣ್ಣಿಗೆ ಬೀಳುವ ಹಾಗೆ ಕೂರಿ. ತೊಂದರೆ ಶುರುವಾದ ಕೂಡಲೇ ಡ್ರೈವರಿಗೆ ಹೇಳಿ, ಅವರು ಕಂಟ್ರೋಲ್ ರೂಮಿಗೆ ತಿಳಿಸಬಲ್ಲರು. ಲೂಅಸ್ ಟ್ರಾಮಿನಲ್ಲಾದರೆ ಮುಂದಿನ ಸ್ಟಾಪಿನಲ್ಲಿ ಜನರಿರುವ ಕಡೆ ಇಳಿಯಿರಿ. ಅಪಾಯ ಅನ್ನಿಸಿದರೆ 999 ಅಥವಾ 112. "ಐ ಆಮ್ ಪ್ರೆಗ್ನೆಂಟ್" ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಜೊತೆಯಲ್ಲಿ ಗಂಡನಿದ್ದರೆ ಆತನಿಗೆ ಒಂದು ಮಾತು. ಹೆಂಡತಿಗೆ ಅಂದದ್ದನ್ನು ಕೇಳಿ ರಕ್ತ ಕುದಿಯುವುದು ಸಹಜ. ಆದರೆ ಆ ಹೊತ್ತಿಗೆ ನಿಮ್ಮ ಕೆಲಸ ಆಕೆಯನ್ನು ಅಲ್ಲಿಂದ ಕರೆದುಕೊಂಡು ಹೋಗುವುದು. ನೀವು ಜಗಳಕ್ಕೆ ನಿಂತರೆ ಆಕೆಯೂ ಅಲ್ಲೇ ನಿಲ್ಲಬೇಕಾಗುತ್ತದೆ.

ತಳ್ಳಿದರೆ, ಬಿದ್ದರೆ, ಹೊಟ್ಟೆಗೆ ಏನಾದರೂ ತಾಗಿದರೆ ನೋವಿಲ್ಲದಿದ್ದರೂ ಅದೇ ದಿನ ನಿಮ್ಮ ಹೆರಿಗೆ ಆಸ್ಪತ್ರೆಗೆ ಹೋಗಿ. ಅವರ ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಇದು ಇನ್ನೂ ಮುಖ್ಯ. ಹೊಟ್ಟೆಗೆ ಪೆಟ್ಟು ಬಿದ್ದಾಗ ಆ್ಯಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು, ಅದನ್ನು 72 ಗಂಟೆಯೊಳಗೆ ಕೊಡಬೇಕು. ಹೇಗೆ ಬಿದ್ದಿರಿ ಎಂದು ಕೇಳಿದರೆ "ಕಾಲು ಜಾರಿತು" ಅನ್ನಬೇಡಿ. ನಡೆದದ್ದನ್ನೇ ಹೇಳಿ, ಅದು ಚಾರ್ಟಿನಲ್ಲಿ ಬರಲಿ.

ಆಮೇಲೆ ದೂರು. ಇಲ್ಲಿನ ಪೊಲೀಸರು ಗಾರ್ಡಾ. ನಿಮಗೆ ಅದು ಬಣ್ಣ ನೋಡಿ ಮಾಡಿದ ಕೃತ್ಯ ಅನ್ನಿಸಿದರೆ ಸಾಕು, ಹಾಗೆಂದೇ ದಾಖಲಿಸಿಕೊಳ್ಳಬೇಕು. ಅದನ್ನು ಸಾಬೀತು ಮಾಡುವ ಹೊಣೆ ದೂರು ಕೊಡುವ ಹೊತ್ತಿಗೆ ನಿಮ್ಮದಲ್ಲ. ದ್ವೇಷದಿಂದ ಮಾಡಿದ ಅಪರಾಧಗಳಿಗೆ ಹೆಚ್ಚಿನ ಶಿಕ್ಷೆ ಕೊಡುವ ಕಾನೂನು 2024ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ದೂರು ಕೊಟ್ಟಾಗ ಪಲ್ಸ್ ನಂಬರ್ (ಗಾರ್ಡಾ ದಾಖಲೆಯಲ್ಲಿ ನಿಮ್ಮ ದೂರಿನ ಸಂಖ್ಯೆ) ಕೇಳಿ ಬರೆದಿಟ್ಟುಕೊಳ್ಳಿ. ಸಿಸಿಟಿವಿ ದೃಶ್ಯಗಳನ್ನು ಜಾಸ್ತಿ ದಿನ ಇಟ್ಟುಕೊಳ್ಳುವುದಿಲ್ಲ, ಅದಕ್ಕೇ ತಡಮಾಡಬೇಡಿ. ಗಾರ್ಡಾ ಹತ್ತಿರ ಹೋಗಲು ಮನಸ್ಸಿಲ್ಲದಿದ್ದರೆ ಐರಿಷ್ ನೆಟ್‌ವರ್ಕ್ ಅಗೆನ್‌ಸ್ಟ್ ರೇಸಿಸಂ ನಡೆಸುವ ಐ-ರಿಪೋರ್ಟ್ ತಾಣದಲ್ಲಾದರೂ ಬರೆಯಿರಿ. ಹೆಸರು ಹೊರಗೆ ಬರುವುದಿಲ್ಲ, ಘಟನೆ ಲೆಕ್ಕಕ್ಕೆ ಸೇರುತ್ತದೆ. ಅಪರಾಧಕ್ಕೆ ಒಳಗಾದವರಿಗೆ 116 006 ಎಂಬ ಸಹಾಯವಾಣಿಯೂ ಇದೆ.

ಆಸ್ಪತ್ರೆ: ಇಲ್ಲಿ ಮಾತ್ರ ಜಾಗ ಬಿಡಬೇಡಿ

ಐರ್ಲೆಂಡಿನಲ್ಲಿ ಬಸುರಿಯ ಬಗ್ಗೆ ಮಾತಾಡುವ ಯಾವ ಕನ್ನಡಿಗರೂ ಸವಿತಾ ಹಾಲಪ್ಪನವರ್ ಅವರನ್ನು ಮರೆಯಲಾರರು. ಬೆಳಗಾವಿಯ ಮಗಳು, ಹಲ್ಲಿನ ಡಾಕ್ಟರು, 31 ವರ್ಷ. 2012ರ ಅಕ್ಟೋಬರ್ 21ರಂದು ಗಾಲ್ವೇ ಯೂನಿವರ್ಸಿಟಿ ಆಸ್ಪತ್ರೆಗೆ ಸೇರಿದರು. 17 ವಾರದ ಗರ್ಭ, ಉಳಿಯುವಂತಿರಲಿಲ್ಲ. ತೆಗೆದುಬಿಡಿ ಎಂದು ಕೇಳಿದರೂ ಆಗಿನ ಕಾನೂನು ಅಡ್ಡ ಬಂತು. ಸೋಂಕು ರಕ್ತಕ್ಕೇರಿ 28ರಂದು ತೀರಿಕೊಂಡರು. 2013ರಲ್ಲಿ ಬಂದ ತನಿಖಾ ವರದಿಗಳು ಬೊಟ್ಟು ಮಾಡಿದ್ದು ಆಕೆಯ ಸ್ಥಿತಿಯನ್ನು ಸರಿಯಾಗಿ ಗಮನಿಸದ ಲೋಪವನ್ನು. ಆಸ್ಪತ್ರೆ ಕೈಬಿಟ್ಟ ಅವಕಾಶಗಳು 13 ಎಂದು ಇಲ್ಲಿನ ಆರೋಗ್ಯ ಸೇವೆಗಳ ಗುಣಮಟ್ಟ ನೋಡುವ ಹಿಕ್ವಾ ಸಂಸ್ಥೆ ಎಣಿಸಿ ಹೇಳಿತು. ಸೇರಿದ ದಿನ ತೆಗೆದ ರಕ್ತದ ವರದಿಯನ್ನು ಕೂಡ ಹೊತ್ತಿಗೆ ಸರಿಯಾಗಿ ನೋಡಿರಲಿಲ್ಲ. ಜನಮತಗಣನೆಯಾಗಿ ಆ ಕಾನೂನು ಬದಲಾದದ್ದು 2018ರಲ್ಲಿ. ಇದನ್ನು ರೇಸಿಸಂ ಪ್ರಕರಣ ಎಂದು ನಾನು ಇಲ್ಲಿ ಹೇಳುತ್ತಿಲ್ಲ. ಓದಿದ, ಇಂಗ್ಲಿಷ್ ಬಲ್ಲ, ವೈದ್ಯ ವೃತ್ತಿಯ ಹೆಣ್ಣುಮಗಳ ಮಾತಿಗೂ ಹೀಗಾಗಬಹುದು ಅನ್ನುವುದನ್ನು ನೆನಪಿಡಬೇಕು ಎಂದಷ್ಟೇ ಹೇಳುತ್ತಿದ್ದೇನೆ.

ಬಣ್ಣದ ಪಾತ್ರ ಎಲ್ಲಿದೆ ಎಂದು ನೋಡಲು ಪಕ್ಕದ ಬ್ರಿಟನ್ನಿನ ಲೆಕ್ಕ ಸಾಕು. ತಾಯಂದಿರ ಸಾವು ಅಲ್ಲಿ ಅಪರೂಪವೇ. ಆದರೂ 2019ರಿಂದ 2021ರ ಅವಧಿಯಲ್ಲಿ ಬಿಳಿಯರಿಗೆ ಹೋಲಿಸಿದರೆ ಏಷ್ಯಾ ಮೂಲದ ತಾಯಂದಿರ ಸಾವಿನ ಪ್ರಮಾಣ ಹತ್ತಿರಹತ್ತಿರ ಎರಡು ಪಟ್ಟು, ಕಪ್ಪು ತಾಯಂದಿರದು ಹತ್ತಿರಹತ್ತಿರ ನಾಲ್ಕು ಪಟ್ಟು ಇತ್ತು.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ನೋವನ್ನು ನಮ್ಮ ಊರಿನ ಸಂಕೋಚದಲ್ಲಿ ಹೇಳಬೇಡಿ. "ಸ್ವಲ್ಪ ನೋವಿದೆ, ಪರವಾಗಿಲ್ಲ" ಎಂದು ನಾವು ಹಲ್ಲು ಕಚ್ಚಿಕೊಂಡು ಹೇಳುತ್ತೇವೆ, ಅವರು ನಿಜಕ್ಕೂ ಪರವಾಗಿಲ್ಲ ಎಂದೇ ಬರೆದುಕೊಳ್ಳುತ್ತಾರೆ. ತಲೆ ಆಡಿಸಿ ಉತ್ತರ ಕೊಟ್ಟರೆ ಹೌದೋ ಅಲ್ಲವೋ ಅವರಿಗೆ ಗೊತ್ತಾಗುವುದಿಲ್ಲ. ಹತ್ತಕ್ಕೆ ಎಷ್ಟು ಎಂದು ಹೇಳಿ. ನಿನ್ನೆ ಮಾಡಲು ಆಗುತ್ತಿದ್ದ ಯಾವ ಕೆಲಸ ಇವತ್ತು ಆಗುತ್ತಿಲ್ಲ ಎಂದು ಹೇಳಿ. ಮಗುವಿನ ಓಡಾಟ ಕಡಿಮೆಯಾದ ಹಾಗೆ ಅನ್ನಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಫೋನ್ ಮಾಡಿ ಹೊರಡಿ.

ಎರಡನೆಯದು, ಮಾತಿಗೆ ಬೆಲೆ ಸಿಗದಿದ್ದರೆ ಅದನ್ನು ಕಾಗದಕ್ಕೆ ಇಳಿಸಿ. ಈ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ: "ಪ್ಲೀಸ್ ರೈಟ್ ಇನ್ ಮೈ ಚಾರ್ಟ್ ದಟ್ ಐ ಆಸ್ಕ್ಡ್ ಫಾರ್ ದಿಸ್, ಆ್ಯಂಡ್ ವೈ ಯು ಸೆಡ್ ನೋ." ಜೋರು ದನಿ ಬೇಡ. ಬರೆಯಬೇಕು ಅಂದ ತಕ್ಷಣ ಬಹಳ ಜನ ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ. ಆಗಲೂ ಆಗದಿದ್ದರೆ ವಾರ್ಡಿನ ಮಿಡ್‌ವೈಫ್ ಮ್ಯಾನೇಜರನ್ನು ಕರೆಸಿ. ನಂತರ ಕನ್ಸಲ್ಟೆಂಟ್, ಅಂದರೆ ಹಿರಿಯ ತಜ್ಞ ವೈದ್ಯರು. ಇದು ಸೊಕ್ಕಲ್ಲ, ವ್ಯವಸ್ಥೆ ಇರುವುದೇ ಹಾಗೆ.

ಮೂರನೆಯದು, ನಮ್ಮವರಲ್ಲಿ ಜಾಸ್ತಿ ಕಾಣುವ ತೊಂದರೆಗಳ ಹೆಸರು ಗೊತ್ತಿರಲಿ. ನನಗೆ ಏಳನೇ ತಿಂಗಳಲ್ಲಿ ಅಂಗೈ, ಅಂಗಾಲು ತುರಿಕೆ ಶುರುವಾಯಿತು. ರಾತ್ರಿ ನಿದ್ದೆಯೇ ಇಲ್ಲ. "ನಿಮ್ಮ ಚರ್ಮಕ್ಕೆ ಇಲ್ಲಿನ ಹವೆ ಒಗ್ಗಲ್ಲ, ಕ್ರೀಮ್ ಹಚ್ಚಿ" ಎಂದರು. "ಬೈಲ್ ಆ್ಯಸಿಡ್ ಟೆಸ್ಟ್ ಮಾಡಿ" ಎಂದು ಹೆಸರು ಹಿಡಿದು ಕೇಳಿದ ಮೇಲೆ ರಕ್ತ ತೆಗೆದುಕೊಂಡರು. ಅದು ಬಸುರಿನಲ್ಲಿ ಬರುವ ಪಿತ್ತಜನಕಾಂಗದ (ಲಿವರ್) ತೊಂದರೆ, ಕೊಲೆಸ್ಟಾಸಿಸ್. ದಕ್ಷಿಣ ಏಷ್ಯಾದ ಹೆಂಗಸರಲ್ಲಿ ಇದು ಜಾಸ್ತಿ, ತೀವ್ರವಾದರೆ ಮಗುವಿಗೆ ಅಪಾಯ. ದದ್ದು ಇಲ್ಲದೆ ಬರೀ ತುರಿಕೆ ಇದ್ದರೆ ನೀವೂ ಹೆಸರು ಹಿಡಿದೇ ಕೇಳಿ.

ಚರ್ಮದ ಬಣ್ಣದಿಂದಲೂ ಕೆಲವು ಲಕ್ಷಣಗಳು ಮರೆಯಾಗುತ್ತವೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಚರ್ಮದಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಮುಖ ಬಿಳಿಚುವುದು, ಚರ್ಮ ಕೆಂಪಾಗುವುದು ನಮ್ಮಲ್ಲಿ ಎದ್ದು ಕಾಣುವುದಿಲ್ಲ. ಹಾಗಾಗಿ "ನೋಡೋಕೆ ಚೆನ್ನಾಗೇ ಇದ್ದೀರಲ್ಲ" ಅನ್ನುವ ಮಾತನ್ನು ಒಪ್ಪಬೇಡಿ. ಜ್ವರ, ನಾಡಿ, ಉಸಿರು, ಬಿಪಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಎಚ್ಚರಿಕೆ ಕೊಡುವ ಐಎಂಇಡಬ್ಲ್ಯುಎಸ್ ಎಂಬ ಚಾರ್ಟ್ 2013ರಿಂದ ಇಲ್ಲಿನ ಹೆರಿಗೆ ವಾರ್ಡುಗಳಲ್ಲಿದೆ. ನಿಮ್ಮದರಲ್ಲಿ ಏನಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಜೊತೆಗಿರುವವರು ಸುಮ್ಮನೆ ಕುರ್ಚಿಯಲ್ಲಿ ಕೂರಬೇಡಿ. ಒಂದು ಪುಸ್ತಕದಲ್ಲಿ ಹೊತ್ತು, ಬಂದವರ ಹೆಸರು, ಹೇಳಿದ ಮಾತು ಬರೆಯಿರಿ. ಪ್ರಶ್ನೆ ನಿಮ್ಮ ಕಡೆ ತಿರುಗಿದರೆ "ದಯವಿಟ್ಟು ಅವಳನ್ನೇ ಕೇಳಿ" ಅನ್ನಿ. ನೋವಿನಲ್ಲಿ ಆಕೆಗೆ ಮಾತು ಹೊರಡದಿದ್ದಾಗ ಮಾತ್ರ ನೀವು ಮಾತಾಡಿ, ಮತ್ತು ಮೊದಲೇ ಇಬ್ಬರೂ ಕೂತು ತೀರ್ಮಾನಿಸಿದ್ದನ್ನೇ ಮಾತಾಡಿ.

ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಎಂದು ಮೊದಲ ಭೇಟಿಯಲ್ಲೇ ಹೇಳಿ, "ಇಂಡಿಯನ್" ಎಂದಷ್ಟೇ ಬರೆಯಲು ಬಿಡದೆ "ಕನ್ನಡ" ಎಂದು ಬರೆಸಿ. ಇಲ್ಲದಿದ್ದರೆ ಹಿಂದಿಯವರನ್ನು ಲೈನಿಗೆ ತಂದುಬಿಡುತ್ತಾರೆ.

ದೂರು ಕೊಡಬೇಕಾದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎಚ್‌ಎಸ್‌ಇಯ 'ಯುವರ್ ಸರ್ವಿಸ್ ಯುವರ್ ಸೇ' ಮೂಲಕ 12 ತಿಂಗಳೊಳಗೆ ಕೊಡಬಹುದು. ಪೇಷೆಂಟ್ ಅಡ್ವೊಕಸಿ ಸರ್ವಿಸ್ ಎಂಬ ಸ್ವತಂತ್ರ ಸಂಸ್ಥೆ ದೂರು ಬರೆಯಲು ಪುಕ್ಕಟೆ ಸಹಾಯ ಮಾಡುತ್ತದೆ. ಉತ್ತರ ತೃಪ್ತಿಯಾಗದಿದ್ದರೆ ಒಂಬುಡ್ಸ್‌ಮನ್, ಅಂದರೆ ಸರ್ಕಾರಿ ಸೇವೆಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ. ನಿಮ್ಮ ಚಾರ್ಟಿನ ಪ್ರತಿಯನ್ನು ಕೇಳಿ ಪಡೆಯಬಹುದು, ಅದಕ್ಕೆ ದುಡ್ಡಿಲ್ಲ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ಬಾಣಂತನದಲ್ಲಿ ಇದೆಲ್ಲ ಬರೆಯಲು ಕೂತುಕೊಳ್ಳಬೇಡಿ. ಪ್ರತಿ ತರಿಸಿ ಇಟ್ಟುಕೊಳ್ಳಿ, ಮಗು ಸ್ವಲ್ಪ ಬಲಿತ ಮೇಲೆ ಬರೆಯಿರಿ.

ಆಫೀಸು, ವಾರ್ಡು, ಅಂಗಡಿ: ಕೆಲಸದ ಜಾಗದಲ್ಲಿ

ಇಲ್ಲಿ ನಿಂದನೆ ನಗುಮುಖದಲ್ಲಿ ಬರುತ್ತದೆ. "ನಿಮ್ಮಲ್ಲಿ ಮನೆ ತುಂಬ ಮಕ್ಕಳಲ್ವಾ?" ಎಂದು ಚಹಾ ಹೊತ್ತಿನಲ್ಲಿ ನಗುತ್ತಾರೆ. ಆಮೇಲೆ ಯಾಕೋ ಒಳ್ಳೆಯ ಪ್ರಾಜೆಕ್ಟು ಕೈತಪ್ಪುತ್ತದೆ. ನರ್ಸ್ ಕೆಲಸದವರಿಗಾದರೆ ರೋಗಿಯ ಬಾಯಿಂದಲೇ ಬೈಗುಳ. ಅವತ್ತೇ ಮನೆಗೆ ಹೋಗಿ ನಿಮ್ಮ ಸ್ವಂತ ಇಮೇಲಿಗೆ ನೀವೇ ಬರೆದುಕೊಳ್ಳಿ: ತಾರೀಕು, ಹೇಳಿದ ಮಾತು, ಅಲ್ಲಿ ಯಾರಿದ್ದರು. ಮುಖತಃ ಮಾತಾದರೆ ಆಮೇಲೆ ಮ್ಯಾನೇಜರಿಗೆ "ಇವತ್ತು ನಾವು ಮಾತಾಡಿದ್ದು ಇದು" ಎಂದು ಎರಡು ಸಾಲಿನ ಮೇಲ್ ಹಾಕಿ.

ಬಸುರಿನ ಆಸ್ಪತ್ರೆ ಭೇಟಿಗಳಿಗೆ ಸಂಬಳ ಕಡಿತವಿಲ್ಲದೆ ಬಿಡುವು ಸಿಗಬೇಕು. ಹೆರಿಗೆ ರಜೆ 26 ವಾರ, ಬೇಕಾದರೆ ಸಂಬಳವಿಲ್ಲದೆ ಇನ್ನೂ 16 ವಾರ. ಕನಿಷ್ಠ ನಾಲ್ಕು ವಾರ ಮೊದಲು ಬರಹದಲ್ಲಿ ತಿಳಿಸಬೇಕು. ಬಸುರಿ ನೌಕರಳಿಗೆ ಕೆಲಸದ ಅಪಾಯಗಳ ಪರಿಶೀಲನೆಯನ್ನು ಮಾಲೀಕರು ಮಾಡಲೇಬೇಕು. ಬೈಯುವ, ಹೊಡೆಯಲು ಬರುವ ರೋಗಿಗಳ ವಿಷಯವನ್ನೂ ಅದರಲ್ಲಿ ಬರೆಸಿ.

ದೂರು ಹೋಗುವುದು ವರ್ಕ್‌ಪ್ಲೇಸ್ ರಿಲೇಶನ್ಸ್ ಕಮಿಷನ್ನಿಗೆ. ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಗಡುವು ಆರು ತಿಂಗಳು. ಬಸುರಿಗೆ ಮಾಡಿದ ತಾರತಮ್ಯ ಲಿಂಗದ ಆಧಾರದಲ್ಲಿ ಬರುತ್ತದೆ, ಬಣ್ಣಕ್ಕೆ ಮಾಡಿದ್ದು ಜನಾಂಗದ ಆಧಾರದಲ್ಲಿ. ಎರಡೂ ಇದ್ದರೆ ಎರಡನ್ನೂ ನಮೂದಿಸಿ. ಅಂಗಡಿ, ಮನೆ ಬಾಡಿಗೆಯಂಥ ಸೇವೆಗಳಲ್ಲಿ ತಾರತಮ್ಯವಾದರೆ ಮೊದಲು ಎರಡು ತಿಂಗಳೊಳಗೆ ಎದುರು ಪಕ್ಷದವರಿಗೆ ಬರಹದಲ್ಲಿ ತಿಳಿಸಬೇಕು. ಈ ಎರಡು ತಿಂಗಳು ತುಂಬ ಜನರ ಕೈತಪ್ಪಿ ಹೋಗುತ್ತದೆ.

ವೀಸಾ ಹೋಗುತ್ತದೆ ಎಂದು ಹೆದರಿ ಬಾಯಿ ಮುಚ್ಚಿಕೊಂಡವರು ಬಹಳ. ದೂರು ಕೊಟ್ಟಿದ್ದಕ್ಕೆ ಪರ್ಮಿಟ್ ರದ್ದಾಗುವುದಿಲ್ಲ. ದೂರು ಕೊಟ್ಟವರನ್ನು ಮಾಲೀಕರು ಪೀಡಿಸುವುದೇ ಇನ್ನೊಂದು ತಪ್ಪು. 2024ರ ಸೆಪ್ಟೆಂಬರಿನಿಂದ ಜಾರಿಯಾದ ಕಾನೂನಿನಂತೆ ಒಂಬತ್ತು ತಿಂಗಳಾದ ಮೇಲೆ ಮಾಲೀಕರನ್ನು ಬದಲಿಸುವ ದಾರಿಯೂ ಇದೆ. ಹಕ್ಕುಗಳ ವಿವರ ಬೇಕಾದರೆ ಸಿಟಿಜನ್ಸ್ ಇನ್ಫರ್ಮೇಶನ್ ಕಚೇರಿಗೆ ಹೋಗಿ. ನರ್ಸುಗಳು ತಮ್ಮ ಯೂನಿಯನ್ನಿಗೆ ಮೊದಲೇ ಸೇರಿಕೊಳ್ಳಿ.

ಮನಸ್ಸಿಗೆ ಆದದ್ದನ್ನು ಯಾರ ಹತ್ತಿರ ಹೇಳುವುದು?

ಅಮ್ಮನಿಗೆ ಹೇಳಿದರೆ ಹೆದರುತ್ತಾಳೆ ಎಂದು ಮುಚ್ಚಿಡುತ್ತೇವೆ. ಗಂಡ "ಬಿಡು, ಎಲ್ಲ ಕಡೆ ಇರೋದೇ" ಎಂದುಬಿಡುತ್ತಾನೆ. ಆಗ ಒಳಗೊಳಗೇ ಕೊರೆಯುತ್ತದೆ. ಹೊರಗೆ ಹೋಗಲು ಭಯ, ನಿದ್ದೆ ಇಲ್ಲ, ಅಳು ನಿಲ್ಲುತ್ತಿಲ್ಲ ಎಂದಾದರೆ ಮಿಡ್‌ವೈಫಿಗೆ ಹೇಳಿ. ಹೆರಿಗೆ ಸೇವೆಯೊಳಗೇ ಬಸುರಿ, ಬಾಣಂತಿಯರ ಮನಸ್ಸಿನ ಆರೋಗ್ಯ ನೋಡುವ ತಂಡಗಳಿವೆ. ಯಾವ ಕಾರಣಕ್ಕೆ ಹೀಗಾಯಿತು ಎಂದೂ ಹೇಳಿ. ಬರೀ "ಟೆನ್ಷನ್" ಎಂದರೆ ಅವರಿಗೆ ಅರ್ಥವಾಗುವುದಿಲ್ಲ. ಗಂಡಂದಿರು ಕೇಳಿಸಿಕೊಂಡರೆ ಸಾಕು, ಪರಿಹಾರ ಹೇಳಬೇಕಿಲ್ಲ.

ಮಗು ಬಂದ ಮೇಲೆ

ನಮ್ಮ ಮಕ್ಕಳಲ್ಲಿ ಬೆನ್ನಿನ ಕೆಳಗೆ, ಕುಂಡೆಯ ಮೇಲೆ ನೀಲಿ-ಬೂದು ಮಚ್ಚೆಗಳು ಸಾಮಾನ್ಯ. ಅಭ್ಯಾಸವಿಲ್ಲದ ಕಣ್ಣಿಗೆ ಅವು ಪೆಟ್ಟಿನ ಗುರುತಿನಂತೆ ಕಾಣುತ್ತವೆ. ಮುಂದೆ ಕ್ರೆಶ್‌ನಲ್ಲಿ "ಮಗುವಿಗೆ ಯಾರು ಹೊಡೆದರು?" ಎಂಬ ಪ್ರಶ್ನೆ ಏಳಬಾರದು ಅಂದರೆ ಹುಟ್ಟಿದ ಆಸ್ಪತ್ರೆಯಲ್ಲೇ, ಇಲ್ಲವೇ ಮನೆಗೆ ಬರುವ ಪಬ್ಲಿಕ್ ಹೆಲ್ತ್ ನರ್ಸ್ ಕೈಯಲ್ಲಿ, ಮಚ್ಚೆಯ ಜಾಗ, ಗಾತ್ರ ದಾಖಲೆಯಲ್ಲಿ ಬರೆಸಿ. ಕಾಮಾಲೆಯನ್ನೂ ಮಗುವಿನ ಚರ್ಮದಲ್ಲಿ ಹುಡುಕದೆ ಕಣ್ಣಿನ ಬಿಳಿ ಭಾಗ, ವಸಡು, ಅಂಗಾಲು ನೋಡಲು ಹೇಳಿ.

ಬಾಣಂತನಕ್ಕೆ ಊರಿನಿಂದ ಅಮ್ಮನೋ ಅತ್ತೆಯೋ ಬಂದಿರುತ್ತಾರೆ. ನರ್ಸ್ ಬಂದು ಕಾಡಿಗೆ ಬೇಡ, ಜೇನು ನೆಕ್ಕಿಸಬೇಡಿ ಎಂದರೆ ಅದು ನಮ್ಮ ಸಂಪ್ರದಾಯಕ್ಕೆ ಅವಮಾನವಲ್ಲ. ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ, ವರ್ಷ ತುಂಬದ ಮಗುವಿಗೆ ಜೇನಿನಿಂದ ಬಾಟುಲಿಸಂ ಎಂಬ ಅಪಾಯವಿದೆ. ಆದರೆ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಕ್ಕೆ, ಮನೆಯ ಬೆಳ್ಳುಳ್ಳಿ ವಾಸನೆಗೆ ಮೂಗು ಮುರಿದರೆ "ಇದರಿಂದ ಮಗುವಿಗೆ ಏನು ತೊಂದರೆ?" ಎಂದು ಕೇಳಿ. ಸೀರೆಯುಟ್ಟು ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಪಾರ್ಕಿಗೆ ಹೋಗುವ ಅಮ್ಮನ ಫೋನಿನಲ್ಲಿ ಇಲ್ಲಿನ ಸಿಮ್ ಹಾಕಿಸಿ, ಚೀಟಿಯಲ್ಲಿ ಮನೆಯ ಏರ್‌ಕೋಡ್ (ಇಲ್ಲಿನ ಪಿನ್‌ಕೋಡ್) ಬರೆದುಕೊಡಿ. ಮೊದಲ ಕೆಲವು ದಿನ ಜೊತೆಗೆ ಹೋಗಿ ದಾರಿಯಲ್ಲಿರುವ ಅಂಗಡಿಯವರ ಪರಿಚಯ ಮಾಡಿಸಿ.

ಕೊನೆಯದಾಗಿ ಒಂದು ಚುಚ್ಚುಮಾತು: "ಪಾಸ್‌ಪೋರ್ಟಿಗಾಗಿ ಇಲ್ಲಿ ಹೆತ್ತರು." 2004ರ ಜನಮತಗಣನೆಯ ನಂತರ, 2005ರ ಜನವರಿ 1ರಿಂದ, ಇಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ. ನಮ್ಮಂಥವರ ಮಗುವಿಗೆ ಸಿಗಬೇಕಾದರೆ ಅದು ಹುಟ್ಟುವ ಹಿಂದಿನ ನಾಲ್ಕು ವರ್ಷಗಳಲ್ಲಿ ಅಪ್ಪ ಅಥವಾ ಅಮ್ಮ ಮೂರು ವರ್ಷ ಕಾನೂನುಬದ್ಧವಾಗಿ ಇಲ್ಲಿ ಇದ್ದಿರಬೇಕು. ವಿದ್ಯಾರ್ಥಿ ವೀಸಾದ ವರ್ಷಗಳು ಲೆಕ್ಕಕ್ಕಿಲ್ಲ. ಈ ಮಾತು ಆಡಿದವರಿಗೆ ವಿವರಿಸುತ್ತಾ ಕೂರುವುದು ನಿಮ್ಮಿಷ್ಟ. ಲೆಕ್ಕಕ್ಕೆ ಬೇಕಾದ ಕಾಗದಗಳನ್ನಂತೂ ಒಟ್ಟು ಮಾಡಿಡಿ: ಇಬ್ಬರ ಹಳೆಯ ಐಆರ್‌ಪಿ (ಇಲ್ಲಿ ವಾಸಿಸುವ ಅನುಮತಿಯ) ಕಾರ್ಡುಗಳ ಪ್ರತಿ, ಪಾಸ್‌ಪೋರ್ಟಿನ ಮುದ್ರೆ ಬಿದ್ದ ಪುಟಗಳು, ಪರ್ಮಿಟ್ ಪತ್ರಗಳು. ಮಗುವಿನ ಜನನವನ್ನು ಮೂರು ತಿಂಗಳೊಳಗೆ ನೋಂದಾಯಿಸಿ. ಹೆಸರನ್ನು ಕಚೇರಿಯವರು ಕೇಳಿಸಿಕೊಂಡು ಬರೆಯಲು ಬಿಡದೆ, ನೀವೇ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಸಹಿ ಹಾಕುವ ಮೊದಲು ಅಕ್ಷರ ಅಕ್ಷರ ನೋಡಿ.